ವಾಲಿದ ಗೋಪುರಕ್ಕೆ ಆಯುಷ್ಯವಿತ್ತ ವಿರಾಮ

ಇಟಲಿಯ ಪೀಸಾ ನಗರದ ಗಂಟೆಗೋಪುರವು ವಾಲಿದುದು ಮುಪ್ಪಿನಿಂದಲ್ಲ; ಆ ದೋಷ ಹುಟ್ಟಿನೊಡನೆಯೇ ಬಂದುದು. 1173ರಲ್ಲಿ ಆರಂಭವಾದ ಈ ಕಟ್ಟಡದ ತಳಪಾಯದ ಆಳ ಸುಮಾರು 3 ಮೀಟರ್ ಮಾತ್ರ. ಅದರಡಿಯಲ್ಲಿರುವುದು ಮೆತ್ತನೆಯ ಜೇಡಿ ಮತ್ತು ಮರಳು. ಭಾರ ಬಿದ್ದಂತೆ ಜೇಡಿಯೊಳಗಿನ ನೀರು ಮೆಲ್ಲಮೆಲ್ಲನೆ ಹೊರಸರಿದು ನೆಲ ಕುಗ್ಗುತ್ತದೆ. ಆ ಕುಗ್ಗುವಿಕೆ ಎಲ್ಲೆಡೆ ಸಮನಾಗಿರದಿದ್ದರೆ ಕಟ್ಟಡ ಓರೆಯಾಗುತ್ತದೆ. ಓರೆಯಾದ ಮೇಲೆ ತಗ್ಗಿದ ಬದಿಗೇ ಹೆಚ್ಚು ಭಾರ ಬಿದ್ದು ಓರೆ ಮತ್ತಷ್ಟು ಬೆಳೆಯುತ್ತದೆ.

ಮೂರು ಅಂತಸ್ತುಗಳಾದ ಬಳಿಕ, 1178ರ ಸುಮಾರಿಗೆ ಕೆಲಸ ನಿಂತಿತು. ಅದು ಪುನರಾರಂಭವಾದುದು 1272ರಲ್ಲಿ. ಈ ದೀರ್ಘ ವಿರಾಮದಲ್ಲಿ ಅಡಿಯ ಮಣ್ಣು ಗಟ್ಟಿಗೊಂಡಿತು. ಎಡೆಬಿಡದೆ ಕಟ್ಟಿದ್ದರೆ ಗೋಪುರ ಉರುಳುತ್ತಿತ್ತೆಂಬುದು ತಜ್ಞರ ಅಭಿಪ್ರಾಯ. ಮುಂದಿನ ಶಿಲ್ಪಿಗಳು ತಗ್ಗಿದ ಬದಿಯನ್ನು ತುಸು ಎತ್ತರಿಸಿ ಕಟ್ಟಿದರು. ಆದುದರಿಂದಲೇ ಗೋಪುರದ ಮೈ ಬಾಗಿದೆ. ಗಂಟೆಮನೆ ಪೂರ್ಣಗೊಂಡುದು 14ನೆಯ ಶತಮಾನದಲ್ಲಿ.

ಆಧುನಿಕರ ಆತುರ ಇದಕ್ಕೆ ವ್ಯತಿರಿಕ್ತವಾದುದು. 1838ರಲ್ಲಿ ಬುಡವನ್ನು ಕಾಣಿಸಲೆಂದು ಸುತ್ತಲೂ ಅಗೆದರು. 1934ರಲ್ಲಿ ತಳಪಾಯವನ್ನು ಬಲಪಡಿಸಲೆಂದು ಸಿಮೆಂಟು ತುಂಬಿದರು. ಎರಡು ಸಲವೂ ಓರೆ ಹೆಚ್ಚಿತು. 1989ರಲ್ಲಿ ಪಾವಿಯಾದ ಪುರಾತನ ಗೋಪುರ ಕುಸಿದು ನಾಲ್ವರು ಮಡಿದರು. ಮರುವರ್ಷ ಪೀಸಾದ ಗೋಪುರದ ಬಾಗಿಲು ಮುಚ್ಚಿತು.

ಕೊನೆಗೆ ಫಲಿಸಿದ ಉಪಾಯ ಸರಳವಾದುದು: ತಗ್ಗಿದ ದಕ್ಷಿಣಕ್ಕೆ ಆಸರೆ ಕೊಡುವ ಬದಲು, ಎತ್ತರವಾಗಿದ್ದ ಉತ್ತರದ ಅಡಿಯಿಂದ ಸ್ವಲ್ಪಸ್ವಲ್ಪವೇ ಮಣ್ಣು ತೆಗೆದರು. ತುದಿ 40 ಸೆಂಟಿಮೀಟರಿಗೂ ಹೆಚ್ಚು ಹಿಂದೆ ಸರಿಯಿತು. 2001ರಲ್ಲಿ ಬಾಗಿಲು ಮತ್ತೆ ತೆರೆಯಿತು. ಓರೆಯನ್ನು ಪೂರ್ತಿಯಾಗಿ ತೊಡೆಯಲಿಲ್ಲ. ಆ ಓರೆಯಲ್ಲಿಯೇ ಗೋಪುರದ ಚರಿತ್ರೆಯೂ ಅಡಗಿದೆ.