ಕಡಲಿನ ಲೇಶ ಧಾತುಗಳು: ಜಗತ್ತು ಒಟ್ಟಾಗಿ ಅಳೆದ ಇತಿಹಾಸ



ನಮ್ಮ ಬಳಿಚಕ್ರದ ಹೊಲಗಳ ಮೇಲೆ ಬಿದ್ದ ಮಳೆನೀರು ಹಳ್ಳ ಹಿಡಿದು ಭೀಮಾ ನದಿಯನ್ನು ಸೇರುತ್ತದೆ. ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ನೀರು ನಮ್ಮ ಕಲ್ಲು ಮಣ್ಣಿನ ಕಬ್ಬಿಣ, ಸತು, ತಾಮ್ರಗಳನ್ನೂ ಅತ್ಯಲ್ಪ ಪ್ರಮಾಣದಲ್ಲಿ ಒಯ್ಯುತ್ತದೆ. ಹೀಗೆ ನೀರಿನಲ್ಲಿ ಅತಿ ಕಡಿಮೆ ಇರುವ ಧಾತುಗಳಿಗೆ ಲೇಶ ಧಾತುಗಳೆಂದು ಹೆಸರು. ಕಡಲಿನಲ್ಲಿ ಇವು ಎಷ್ಟಿವೆ? ಈ ಸರಳ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು.

1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ಹಡಗು ಜಗತ್ತಿನ ಕಡಲುಗಳನ್ನು ಸುತ್ತಿತು. ಅದು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಲಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂದು ಅದರಿಂದ ದೃಢಪಟ್ಟಿತು. ಆದರೆ ಲೇಶ ಧಾತುಗಳು ಅಂದಿನ ಉಪಕರಣಗಳಿಗೆ ನಿಲುಕಲಿಲ್ಲ.

ಅವು ಎಷ್ಟು ಅಲ್ಪವೆಂದು ತಿಳಿಯಲು ಒಂದು ಲೆಕ್ಕ ನೋಡಿ. ನಡುಗಡಲಿನ ಮೇಲ್ಮೈಯಲ್ಲಿ ಕರಗಿದ ಕಬ್ಬಿಣ ಅನೇಕ ಕಡೆ ಎಷ್ಟು ಕಡಿಮೆಯೆಂದರೆ, 1 ಗ್ರಾಂ ಕಬ್ಬಿಣಕ್ಕೆ 5,000 ಲೀಟರಿನ 3,500ಕ್ಕೂ ಹೆಚ್ಚು ಟ್ಯಾಂಕರ್ ನೀರು ಬೇಕು. ಅಳೆಯಲು ಹೋಗುವ ಹಡಗು ಮಾತ್ರ ಕಬ್ಬಿಣದ್ದೇ! ಹಡಗಿನ ತುಕ್ಕು, ಉಕ್ಕಿನ ಹಗ್ಗ, ಗಾಳಿಯ ಧೂಳು, ಇವೆಲ್ಲ ಮಾದರಿಯೊಳಗೆ ಸೇರುತ್ತಿದ್ದವು. ವಿಜ್ಞಾನಿಗಳು ಕಡಲನ್ನು ಅಳೆಯುತ್ತಿದ್ದೇವೆಂದು ತಿಳಿದು ತಮ್ಮದೇ ಕೊಳೆಯನ್ನು ಅಳೆಯುತ್ತಿದ್ದರು. ಇದನ್ನು ಎತ್ತಿ ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಸೀಸದ ಅಧ್ಯಯನದಿಂದ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಲೆಕ್ಕ ಹಾಕಿದವರೂ ಅವರೇ. ಅವರ ಶುಚಿ ಪ್ರಯೋಗಾಲಯದ ಕ್ರಮಗಳು ಮುಂದಿನವರಿಗೆ ಮಾದರಿಯಾದವು.

1972ರಿಂದ 1978ರವರೆಗೆ ನಡೆದ ಸಾಗರ ಭೂರಸಾಯನ ಸಮೀಕ್ಷೆಯಲ್ಲಿ ಭಾರತದ ದೇವೇಂದ್ರ ಲಾಲ್ ಮತ್ತು ಅವರ ಸಂಗಡಿಗರೂ ಪಾಲುಗೊಂಡರು. ಲಾಲ್ ಅವರ ಸಂಶೋಧನೆ ಬೆಳೆದದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಮುಂಬಯಿಗೆ ಹೋಗುವ ಮೊದಲು, 1945ರಲ್ಲಿ, ಆ ಸಂಸ್ಥೆ ಆರಂಭವಾದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

1980ರ ದಶಕದ ಕೊನೆಗೆ ಜಾನ್ ಮಾರ್ಟಿನ್ ಎಂಬವರು ದಕ್ಷಿಣ ಸಾಗರದಲ್ಲಿ ಬೇರೆ ಪೋಷಕಾಂಶಗಳಿದ್ದರೂ ಸೂಕ್ಷ್ಮ ಸಸ್ಯಗಳು ಹೆಚ್ಚು ಬೆಳೆಯದಿರಲು ಕಬ್ಬಿಣದ ಕೊರತೆಯೇ ಕಾರಣ ಎಂದರು. ಇದನ್ನು ಪರೀಕ್ಷಿಸಿದ ಹಲವು ಪ್ರಯೋಗಗಳಲ್ಲಿ 2009ರ ಭಾರತ-ಜರ್ಮನಿ ಜಂಟಿ ಪ್ರಯೋಗ 'ಲೋಹಾಫೆಕ್ಸ್' ಒಂದು. ಹಿಂದಿಯ 'ಲೋಹಾ' ಪದದಿಂದ ಬಂದ ಹೆಸರು ಇದು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸೈಯದ್ ವಾಜಿಹ್ ನಖ್ವಿ ಮತ್ತು ಜರ್ಮನಿಯ ಸಂಸ್ಥೆಯ ವಿಕ್ಟರ್ ಸ್ಮೆಟಾಚೆಕ್ ಇದರ ಮುಖ್ಯಸ್ಥರು. ಸುಮಾರು 300 ಚದರ ಕಿ.ಮೀ. ಕಡಲಿಗೆ ಕಬ್ಬಿಣ ಹಾಕಿದಾಗ ಸೂಕ್ಷ್ಮ ಸಸ್ಯಗಳು ಬೆಳೆದವು ನಿಜ. ಆದರೆ ಸಣ್ಣ ಜೀವಿಗಳು ಅವನ್ನು ತಿಂದವು, ನಿರೀಕ್ಷಿಸಿದಷ್ಟು ಇಂಗಾಲ ತಳಕ್ಕೆ ಇಳಿಯಲಿಲ್ಲ. ಬಂದ ಫಲಿತಾಂಶವನ್ನು ಬಂದಂತೆಯೇ ಪ್ರಕಟಿಸಿದರು.

ಇಡೀ ಜಗತ್ತಿನ ಕಡಲನ್ನು ಅಳೆಯುವುದು ಒಂದು ದೇಶದಿಂದ ಆಗುವ ಕೆಲಸವಲ್ಲ. ಆದ್ದರಿಂದ 'ಜಿಯೋಟ್ರೇಸಸ್' ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡು, 2006ರಲ್ಲಿ ಅದರ ಯೋಜನೆ ಪ್ರಕಟವಾಯಿತು. ಸುಮಾರು 35 ದೇಶಗಳ ವಿಜ್ಞಾನಿಗಳು ಇದರಲ್ಲಿದ್ದಾರೆ. ಹಿಂದೂ ಮಹಾಸಾಗರದ ಕೆಲಸದ ಬಗ್ಗೆ 2007ರಲ್ಲಿ ಗೋವಾದಲ್ಲಿ ಸಭೆ ನಡೆಯಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಭಾರತದ ಪಾಲಿನ ಕೆಲಸದಲ್ಲಿ ಮುಂದಾಳಾಯಿತು.

ಗಮನಿಸಬೇಕಾದದ್ದು ಇವರು ಕೆಲಸ ಆರಂಭಿಸಿದ ರೀತಿ. 2008 ಮತ್ತು 2009ರಲ್ಲಿ ಹಡಗು ಹೋದದ್ದು ಮುಖ್ಯವಾಗಿ ಅಳತೆಯ ಕ್ರಮವನ್ನೇ ಪರೀಕ್ಷಿಸಲು. ಒಂದೇ ನೀರನ್ನು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಹಂಚಿ, ಉತ್ತರಗಳನ್ನು ಹೋಲಿಸಿದರು. ಎಷ್ಟೇ ದೊಡ್ಡ ಸಂಸ್ಥೆಯಾದರೂ ಈ ತಾಳೆಯಿಂದ ವಿನಾಯಿತಿ ಇಲ್ಲ. ಹೀಗೆ ಒಪ್ಪಿತವಾದ ಅಂಕಿಅಂಶಗಳನ್ನು 2014ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ದೇಶಗಳು ನಿಲ್ಲಿಸಿದ ಮೇಲೆ (ಭಾರತದಲ್ಲಿ 2000ದಲ್ಲಿ) ಉತ್ತರ ಅಟ್ಲಾಂಟಿಕ್ ಸಾಗರದ ಮೇಲ್ಪದರದಲ್ಲಿ ಸೀಸ ಇಳಿದಿರುವುದು ಇಂಥ ಎಚ್ಚರದ ಅಳತೆಗಳಿಂದಲೇ ಖಚಿತವಾಯಿತು.

ದೂರದ ಕಡಲಿನ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ನಮ್ಮದೇ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇತ್ತು. ಅದರಿಂದ ಜನರ ಚರ್ಮಕ್ಕೆ ರೋಗ ಬಂದಿತ್ತು. 2013ರಲ್ಲಿ ಈ ಕುರಿತ ಅಧ್ಯಯನ ಪ್ರಕಟವಾಯಿತು. ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 20 ಟ್ಯಾಂಕರ್ ನೀರಿಗೆ ಬರೀ 1 ಗ್ರಾಂ. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ. ಸರಿಯಾಗಿ ಅಳೆಯುವವರು ಇಲ್ಲದಿದ್ದರೆ ಕಾಯಿಲೆ ಬಂದ ಮೇಲೆಯೇ ಅದು ಗೊತ್ತಾಗುವುದು.

ವಿದ್ಯಾರ್ಥಿ ಮಿತ್ರರೇ, ರಸಾಯನಶಾಸ್ತ್ರವನ್ನು ಬರೀ ಅಂಕಕ್ಕಾಗಿ ಓದಬೇಡಿ. ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸವನ್ನೂ ಹಗುರವಾಗಿ ಕಾಣಬೇಡಿ. ನಿಮ್ಮ ಉತ್ತರವನ್ನು ಇನ್ನೊಬ್ಬರಿಂದ ತಾಳೆ ನೋಡಿಸಿಕೊಳ್ಳಲು ಸಂಕೋಚ ಬೇಡ. 35 ದೇಶಗಳ ವಿಜ್ಞಾನಿಗಳೇ ಹಾಗೆ ಮಾಡಿದ್ದಾರೆ. ನಾಳೆ ನಮ್ಮ ಊರುಗಳ ಬೋರ್‌ವೆಲ್ ನೀರನ್ನು ಪರೀಕ್ಷಿಸಿ, ಇದು ಕುಡಿಯಲು ಯೋಗ್ಯ, ಇದು ಅಲ್ಲ ಎಂದು ಧೈರ್ಯವಾಗಿ ಹೇಳುವವರು ನಿಮ್ಮಲ್ಲಿಂದಲೇ ಬರಬೇಕು.