ಅಲೆಕ್ಸಾಂಡರ್ ಸ್ಟೇಜ್ ಹತ್ತೋಕೆ 37 ವರ್ಷ: ಐರನ್ ಮೇಡನ್ ಅಭಿಮಾನಿಗಳ ಮುಗಿಯದ ಜಗಳ

ಇವತ್ತಿನ ಎಪಿಸೋಡ್‌ಗೆ ಒಂದು ತಾರೀಕು ನೆನಪಿಟ್ಕೊಳ್ಳಿ: 2023ರ ಮೇ 28. ಅವತ್ತು ರಾತ್ರಿ ಸ್ಲೊವೇನಿಯಾ ದೇಶದ ರಾಜಧಾನಿ ಲ್ಯೂಬ್ಲಿಯಾನಾದಲ್ಲಿ ಐರನ್ ಮೇಡನ್ ಬ್ಯಾಂಡ್ ಒಂದು ಹಾಡು ನುಡಿಸಿತು. ಹೆಸರು 'ಅಲೆಕ್ಸಾಂಡರ್ ದ ಗ್ರೇಟ್'. 1986ರ 'ಸಮ್‌ವೇರ್ ಇನ್ ಟೈಮ್' ಆಲ್ಬಂನ ಕೊನೇ ಹಾಡು, ಎಂಟೂವರೆ ನಿಮಿಷದ್ದು. ಅಲ್ಲಿಯವರೆಗೆ ಒಂದೇ ಒಂದು ಸಲವೂ ಅದನ್ನ ವೇದಿಕೆ ಮೇಲೆ ನುಡಿಸಿರಲಿಲ್ಲ.

ಹತ್ತಿರ ಹತ್ತಿರ 37 ವರ್ಷ. ಆ ಹಾಡು ಬಂದಾಗ ನಾನು ಹುಟ್ಟೇ ಇರಲಿಲ್ಲ. ಆದರೆ ಆ ರಾತ್ರಿ ಯಾರೋ ಮೊಬೈಲಲ್ಲಿ ತೆಗೆದ ಅಲುಗಾಡೋ ವಿಡಿಯೋ ನೋಡ್ತಾ ನನಗೆ ಗಂಟಲು ಕಟ್ಟಿತು. ಯಾಕೆ ಅಂತ ಹೇಳೋಕೇ ಈ ಎಪಿಸೋಡ್.

ಹೊಸಬರಿಗೆ ಚಿಕ್ಕ ಪರಿಚಯ. ಐರನ್ ಮೇಡನ್ ಶುರುವಾಗಿದ್ದು 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನಲ್ಲಿ. ಕಟ್ಟಿದವರು ಬಾಸ್ ಗಿಟಾರ್ ನುಡಿಸೋ ಸ್ಟೀವ್ ಹ್ಯಾರಿಸ್. ಮೊದಲ ಎರಡು ಆಲ್ಬಂಗಳಲ್ಲಿ ಹಾಡಿದ್ದು ಪಾಲ್ ಡಿಯಾನೊ. 1982ರ 'ದ ನಂಬರ್ ಆಫ್ ದ ಬೀಸ್ಟ್' ಇಂದ ಬ್ರೂಸ್ ಡಿಕಿನ್ಸನ್. ಅವರು 1993ರಲ್ಲಿ ಬಿಟ್ಟು ಹೋದರು, ಬ್ಲೇಜ್ ಬೇಲಿ ಬಂದರು, 1999ರಲ್ಲಿ ಬ್ರೂಸ್ ವಾಪಸ್. 2021ರ 'ಸೆಂಜುತ್ಸು' ಸೇರಿ 17 ಸ್ಟುಡಿಯೋ ಆಲ್ಬಂ.

ಈಗ ಲೆಕ್ಕ ಹಾಕಿ. ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಟ್ಟರೆ ನನಗೆ ಬೇರೇನೂ ಹೊಳೆಯಲ್ಲ. ಕನ್ಸರ್ಟ್ ಅಂದ್ರೆ ಹೆಚ್ಚು ಕಮ್ಮಿ ಎರಡು ಗಂಟೆ. ಅದರಲ್ಲಿ ಹಿಡಿಯೋದು 15, 16 ಹಾಡು. 13 ನಿಮಿಷ ದಾಟೋ 'ರೈಮ್ ಆಫ್ ದ ಏನ್ಷಂಟ್ ಮ್ಯಾರಿನರ್' ಹಾಕಿದ್ರೆ ಬೇರೆ ಮೂರು ಹಾಡು ಆಚೆ. ಇಲ್ಲಿ ಫ್ರೀಯಾಗಿ ಯಾವುದೂ ಸಿಗಲ್ಲ, ಪ್ರತಿ ಹಾಡೂ ಇನ್ಯಾರದೋ ಇಷ್ಟದ ಹಾಡಿನ ಜಾಗದಲ್ಲಿ ಕೂತಿರುತ್ತೆ.

ಇನ್ನೊಂದು ವಿಷಯ. ನಮ್ಮ ರಾಮನವಮಿ ಕಛೇರಿಗಳಲ್ಲಿ ಕೇಳುಗರು ಚೀಟಿ ಬರೆದು ಕಳಿಸ್ತಾರೆ, ವಿದ್ವಾಂಸರು ಮನಸ್ಸು ಬಂದ್ರೆ ಹಾಡ್ತಾರೆ. ಮೇಡನ್ ಹತ್ರ ಚೀಟಿ ನಡೆಯಲ್ಲ. ಹಾಡಿಗೆ ತಕ್ಕ ಹಿಂಬದಿ ಪರದೆ, ಲೈಟು, ಬೆಂಕಿ, ನಡುವೆ ಎಡ್ಡಿ ಅನ್ನೋ ದೈತ್ಯ ಬೊಂಬೆ. ಎಲ್ಲಾ ಮೊದಲೇ ಗೊತ್ತು ಮಾಡಿರಬೇಕು. ಹಾಗಾಗಿ ಟೂರ್‌ಗೊಂದು ಸೆಟ್‌ಲಿಸ್ಟ್ ಅಂತ ಒಮ್ಮೆ ಕೂತರೆ ಬಹುತೇಕ ಕೊನೇ ಊರಿನ ತನಕ ಅದೇ. ನಿಮ್ಮ ಹಾಡು ಅದರಲ್ಲಿಲ್ಲ ಅಂದ್ರೆ ಮುಂದಿನ ಟೂರ್ ತನಕ ಬಾಯಿ ಮುಚ್ಕೊಂಡಿರಬೇಕು. ಮೊದಲ ಶೋನ ರಾತ್ರಿ ಜಗತ್ತಿನ ಎಲ್ಲಾ ಮೇಡನ್ ಅಭಿಮಾನಿಗಳೂ ಎದ್ದು ಕೂತು ಜಗಳ ಆಡೋದು ಇದಕ್ಕೇ.

ನನ್ನ ಜಗಳ ದೊಡ್ಡಪ್ಪನ ಮಗ ಅಣ್ಣನ ಜೊತೆ. ನನಗೆ ಮೇಡನ್ ಹಚ್ಚಿದ್ದೇ ಅವನು. ಅವನ ಪಟ್ಟಿ ಯಾವಾಗಲೂ ಒಂದೇ: 'ಹ್ಯಾಲೋಡ್ ಬಿ ದೈ ನೇಮ್', 'ರನ್ ಟು ದ ಹಿಲ್ಸ್', 'ದ ಟ್ರೂಪರ್', 'ಫಿಯರ್ ಆಫ್ ದ ಡಾರ್ಕ್'. ನಾನು ಹೇಳೋದು, ಇವನ್ನೆಲ್ಲಾ ಸಾವಿರ ಸಲ ನುಡಿಸಿ ಆಗಿದೆ, ಮೂಲೆಗೆ ಬಿದ್ದಿರೋದನ್ನ ಹೊರಗೆ ತೆಗೀಲಿ.

ನನ್ನ ವಾದಕ್ಕೆ ಬಲ ಇರೋದು 2006ರಲ್ಲಿ. ಆ ವರ್ಷ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಬಂತು. ಯುದ್ಧ, ಧರ್ಮ, ಸಾವು ಅಂತ ಭಾರವಾದ ಆಲ್ಬಂ, 70 ನಿಮಿಷ ದಾಟುತ್ತೆ. ಬ್ಯಾಂಡ್ ಏನು ಮಾಡ್ತು ಗೊತ್ತಾ? ಆ ಟೂರಲ್ಲಿ ಹತ್ತಕ್ಕೆ ಹತ್ತೂ ಹಾಡನ್ನ ಆಲ್ಬಂನ ಕ್ರಮದಲ್ಲೇ ನುಡಿಸಿ, ಕೊನೆಗೆ ಐದು ಹಳೇ ಹಾಡು ಕೊಟ್ಟು ಮುಗಿಸ್ತು. 'ರನ್ ಟು ದ ಹಿಲ್ಸ್' ಇಲ್ಲ, 'ದ ಟ್ರೂಪರ್' ಇಲ್ಲ. ದುಡ್ಡು ಕೊಟ್ಟು ಬಂದವರಲ್ಲಿ ಒಂದಷ್ಟು ಜನ ಹಳೇದು ಹಾಡಿ ಅಂತ ಕೂಗಿದ್ರು. ನನಗೆ ಮಾತ್ರ ಇದು ಅವರು ಮಾಡಿದ ಅತಿ ಧೈರ್ಯದ ಕೆಲಸ ಅನ್ಸುತ್ತೆ. ಹೊಸ ಹಾಡು ಶುರುವಾದ ಕೂಡಲೇ ಜನ ಬಿಯರ್ ತರೋಕೆ ಎದ್ದು ಹೋಗೋ ಹಳೇ ಬ್ಯಾಂಡ್‌ಗಳು ಎಷ್ಟಿಲ್ಲ?

ಹೀಗೆ ನಾನು ಭಾಷಣ ಬಿಗಿದಾಗ ಅಣ್ಣ ಒಂದು ಮಾತು ಹೇಳಿದ: "ನೀನು ಯೂಟ್ಯೂಬಲ್ಲಿ ನೂರು ಸಲ ನೋಡಿದೀಯ ಕಣೋ. ನಾನು ಎದುರುಗಡೆ ನಿಂತು ಒಂದೇ ಸಲ ನೋಡಿರೋದು."

ಅವನು ಹೇಳಿದ್ದು 2007ರ ಮಾರ್ಚ್ 17ರ ಬಗ್ಗೆ. ಬೆಂಗಳೂರಿನ ಅರಮನೆ ಮೈದಾನ, ಭಾರತದಲ್ಲಿ ಐರನ್ ಮೇಡನ್‌ನ ಮೊದಲ ಶೋ. ಅವರಿಗಿಂತ ಮುಂಚೆ ದೆಹಲಿಯ ಪರಿಕ್ರಮ ನುಡಿಸಿದ್ರು. ಅವತ್ತು ಅಣ್ಣ ತುಮಕೂರಿಂದ ರೈಲಲ್ಲಿ ಬಂದಿದ್ದ. ನನಗಾಗ ಹತ್ತು ವರ್ಷ, ಮಾರನೇ ದಿನ ಮನೆಗೆ ಬಂದವನ ಧ್ವನಿ ಪೂರ್ತಿ ಹೋಗಿದ್ದಷ್ಟೇ ಜ್ಞಾಪಕ.

ಆ ಹೊತ್ತಿಗೆ ಬ್ಯಾಂಡ್ ಸ್ವಲ್ಪ ಇಳಿದು ಬಂದಿತ್ತು. 'ನಂಬರ್ ಆಫ್ ದ ಬೀಸ್ಟ್'ಗೆ 25 ವರ್ಷ ಆಗಿತ್ತಲ್ಲ, ಹೊಸ ಆಲ್ಬಂನ ಅರ್ಧದಷ್ಟು ಬಿಟ್ಟು ಹಳೇ ಹಾಡುಗಳಿಗೆ ಜಾಗ ಮಾಡಿದ್ರು. ಅದೇ ಆಲ್ಬಂನ ಕೊನೇ ಹಾಡು 'ಹ್ಯಾಲೋಡ್'. ನೇಣಿಗೆ ಹೋಗೋ ಕೈದಿಯ ಕೊನೇ ಗಳಿಗೆಗಳು, ಗಂಟೆಯ ಸದ್ದಿಂದ ಶುರುವಾಗುತ್ತೆ. ಆ ಗಂಟೆ ಕೇಳಿದ ತಕ್ಷಣ ಪಕ್ಕದಲ್ಲಿದ್ದ ಗುರುತು ಪರಿಚಯ ಇಲ್ಲದವನು ತಬ್ಬಿಕೊಂಡ ಅಂತ ಅಣ್ಣ ಈಗಲೂ ಹೇಳ್ತಾನೆ. ಕಾಪಿ ಮಾಡಿದ ಕ್ಯಾಸೆಟ್ಟಲ್ಲಿ ವರ್ಷಗಟ್ಟಲೆ ಕೇಳಿದ ಹಾಡು ಎದುರಿಗೆ ನಿಜ ಆಗೋದು ಅಂದ್ರೆ ಅದು.

ಅಲ್ಲಿ ನನ್ನ ವಾದ ಸ್ವಲ್ಪ ಕುಸೀತು. ಹಳಸಲು ಹಾಡು ಅಂತ ನಾವು ಹೇಳೋದು ಯಾರ ಲೆಕ್ಕದಲ್ಲಿ? ಲಂಡನ್ನಿನವನು ಪ್ರತಿ ಟೂರಲ್ಲೂ ನೋಡಿರ್ತಾನೆ, ಅವನಿಗೆ ಬೇಜಾರಾಗಿರುತ್ತೆ. 31 ವರ್ಷ ಕಾದು ಬ್ಯಾಂಡ್ ಮೊದಲ ಸಲ ಬಂದ ಊರಿನಲ್ಲಿ ಅದೇ ಹಾಡು ಹೊಚ್ಚ ಹೊಸದು. ಇದು ಬ್ಯಾಂಡಿಗೂ ಅರ್ಥ ಆಗಿತ್ತು ಅನ್ಸುತ್ತೆ. ಮುಂದಿನ ಟೂರ್ ಶುರು ಮಾಡಿದ್ದೇ ಭಾರತದಲ್ಲಿ, 2008ರ ಫೆಬ್ರವರಿ 1, ಮುಂಬೈ. ಬ್ಯಾಂಡ್, ಸಿಬ್ಬಂದಿ, 12 ಟನ್ ಸಾಮಾನು ಎಲ್ಲಾ ಒಂದೇ ಬೋಯಿಂಗ್ 757ರಲ್ಲಿ. ವಿಮಾನ ಓಡಿಸಿದ್ದು ಬ್ರೂಸ್ ಡಿಕಿನ್ಸನ್ನೇ, ಅವರು ಲೈಸೆನ್ಸ್ ಇರೋ ಪೈಲಟ್. ಹಾಡುಗಳೆಲ್ಲಾ ಹೆಚ್ಚಾಗಿ ಎಂಬತ್ತರ ದಶಕದವು. 2009ರ ಫೆಬ್ರವರಿ 15ಕ್ಕೆ ಮತ್ತೆ ಅರಮನೆ ಮೈದಾನ. ಆಗ ಅಣ್ಣನಿಗೆ ಪರೀಕ್ಷೆ. ಅವನ 'ಒಂದೇ ಸಲ' ಒಂದೇ ಆಗಿ ಉಳಿದಿದ್ದು ಹಾಗೆ.

ಆದ್ರೂ ನಾನು ಪೂರ್ತಿ ಸೋತಿಲ್ಲ. ಬ್ಲೇಜ್ ಬೇಲಿ ಕಾಲವನ್ನೇ ತಗೊಳ್ಳಿ. 1995ರ 'ದ ಎಕ್ಸ್ ಫ್ಯಾಕ್ಟರ್', 1998ರ 'ವರ್ಚುವಲ್ ಇಲೆವನ್', ಎರಡೂ ಆಲ್ಬಂಗಳನ್ನ ಅಭಿಮಾನಿಗಳೇ ಬೈದು ಮೂಲೆಗೆ ಹಾಕಿದ್ರು. ಬ್ಲೇಜ್ ಅವರದು ಸ್ವಲ್ಪ ಕೆಳ ಶ್ರುತಿಯ ಗಂಟಲು, ಬ್ರೂಸ್‌ಗಾಗಿ ಮಾಡಿದ ಹಾಡುಗಳನ್ನ ಅವರ ಕೈಲಿ ಹಾಡಿಸಿದ್ದು ಅನ್ಯಾಯ. ಆದರೆ ಅದೇ ಕಾಲದ 'ಸೈನ್ ಆಫ್ ದ ಕ್ರಾಸ್', 'ದ ಕ್ಲಾನ್ಸ್‌ಮನ್' ಎರಡನ್ನೂ 2018ರ ಟೂರಲ್ಲಿ ಬ್ರೂಸ್ ಹಾಡಿದ್ರು, ಜನ ಎದ್ದು ಕುಣಿದ್ರು. ಸೆಟ್‌ಲಿಸ್ಟಿಗೆ ಬರದೇ ಹೋಗಿದ್ರೆ ಎಷ್ಟು ಜನ ಆ ಆಲ್ಬಂಗಳನ್ನ ಮತ್ತೆ ತೆಗೆದು ಕೇಳ್ತಿದ್ರು?

ಈಗ ಲ್ಯೂಬ್ಲಿಯಾನಾಗೆ ವಾಪಸ್. 2023ರ ಆ ಟೂರಲ್ಲಿ 15 ಹಾಡು. ಐದು 'ಸೆಂಜುತ್ಸು' ಇಂದ, ಐದು 'ಸಮ್‌ವೇರ್ ಇನ್ ಟೈಮ್' ಇಂದ. ಒಂದು ಕಡೆ ಹೊಸದನ್ನೇ ನುಡಿಸೋ ಹಠ, ಇನ್ನೊಂದು ಕಡೆ ಅಭಿಮಾನಿಗಳ ಹಳೇ ಅರ್ಜಿಗೆ ಉತ್ತರ. ಇದಕ್ಕೆ ಬೆಲೆ ಕಟ್ಟಿದ್ದು ಯಾರು? 'ನಂಬರ್ ಆಫ್ ದ ಬೀಸ್ಟ್' ಇಲ್ಲ. 'ರನ್ ಟು ದ ಹಿಲ್ಸ್' ಇಲ್ಲ. 'ಹ್ಯಾಲೋಡ್' ಇಲ್ಲ.

ಅಂದಹಾಗೆ ಹಾಡಿನ ಒಳಗೂ ಒಂದು ಜಗಳ ಇದೆ. ಅಲೆಕ್ಸಾಂಡರನ ಸೈನ್ಯ ಭಾರತಕ್ಕೆ ಅವನ ಹಿಂದೆ ಬರಲು ಒಪ್ಪಲಿಲ್ಲ ಅನ್ನೋ ಅರ್ಥ ಬರೋ ಮಾತು ಅದರಲ್ಲಿದೆ. ನಮ್ಮ ಹೈಸ್ಕೂಲ್ ಪಾಠ ನೆನಪಿಸಿಕೊಳ್ಳಿ: ಕ್ರಿ.ಪೂ. 326ರಲ್ಲಿ ಅವರು ಬಂದಿದ್ರು, ಝೇಲಂ ದಡದಲ್ಲಿ ಪೋರಸ್ ಜೊತೆ ಯುದ್ಧವನ್ನೂ ಮಾಡಿದ್ರು. ಸೈನಿಕರು ಇನ್ನು ಆಗಲ್ಲ ಅಂತ ಕೂತಿದ್ದು ಬಿಯಾಸ್ ನದಿ ಹತ್ತಿರ. ಮುಂದೆ ಹೋಗಲಿಲ್ಲ ಅನ್ನೋದು ಸರಿ, ಬರಲೇ ಇಲ್ಲ ಅನ್ನೋದು ತಪ್ಪು. ಸ್ಟೀವ್ ಹ್ಯಾರಿಸ್‌ಗೆ ಇಷ್ಟು ಮಾಫಿ ಮಾಡೋಣ. ಇತಿಹಾಸ ಪುಸ್ತಕ ಕೈಗೆ ಸಿಕ್ಕರೆ ಹಾಡು ಮಾಡೋ ರಾಕ್ ಬ್ಯಾಂಡ್‌ಗಳು ಎಷ್ಟಿವೆ ಹೇಳಿ.

ಆ ರಾತ್ರಿ ವಿಡಿಯೋ ಸಿಕ್ಕಿದ ತಕ್ಷಣ ಅಣ್ಣನಿಗೆ ಕಳಿಸಿದೆ, "ನೋಡು, ಕೊನೆಗೂ ನುಡಿಸಿದ್ರು" ಅಂತ. ಬೆಳಿಗ್ಗೆ ಉತ್ತರ ಬಂತು. "ಚೆನ್ನಾಗಿದೆ. ಅಲ್ಲಾ, ಹ್ಯಾಲೋಡ್ ಯಾಕೋ ತೆಗೆದ್ರು?"

2025ರಲ್ಲಿ ಬ್ಯಾಂಡಿನ 50ನೇ ವರ್ಷದ ಟೂರ್ ಶುರುವಾಯ್ತು, ಬುಡಾಪೆಸ್ಟ್‌ನಲ್ಲಿ. ಡ್ರಮ್ಸ್‌ನ ನಿಕೋ ಮೆಕ್‌ಬ್ರೇನ್ ಅಷ್ಟೊತ್ತಿಗೆ ಟೂರ್ ಮಾಡೋದು ನಿಲ್ಲಿಸಿದ್ರು. ಈ ಸಲ 1980ರಿಂದ 1992ರವರೆಗಿನ ಒಂಬತ್ತು ಆಲ್ಬಂಗಳ ಹಾಡು ಮಾತ್ರ. 'ಹ್ಯಾಲೋಡ್' ವಾಪಸ್ ಬಂತು. 'ರನ್ ಟು ದ ಹಿಲ್ಸ್' ಬಂತು. ಅಲೆಕ್ಸಾಂಡರ್ ಮತ್ತೆ ಆಚೆ.

ಆ ರಾತ್ರಿ ಮೊದಲು ಮೆಸೇಜ್ ಮಾಡಿದ್ದು ಅಣ್ಣ. ಬರೀ ಸೆಟ್‌ಲಿಸ್ಟ್‌ನ ಸ್ಕ್ರೀನ್‌ಶಾಟ್, ಕೆಳಗೆ ಒಂದು ನಗೋ ಎಮೋಜಿ.