ಸೂಫಿ ಪ್ರೇಮಾಖ್ಯಾನಗಳು

ಉತ್ತರ ಭಾರತದ ಸೂಫಿ ಕವಿಗಳು ಅವಧಿ ಭಾಷೆಯಲ್ಲಿ ರಚಿಸಿದ ದೀರ್ಘ ಪ್ರಣಯಕಾವ್ಯಗಳ ಪರಂಪರೆ. ಮನುಷ್ಯಪ್ರೇಮವೇ (ಇಶ್ಕ್-ಎ-ಮಜಾಜಿ) ದೈವಪ್ರೇಮಕ್ಕೆ (ಇಶ್ಕ್-ಎ-ಹಕೀಕಿ) ದಾರಿ ಎಂಬ ನಂಬಿಕೆ ಈ ಕಾವ್ಯಗಳ ಜೀವಾಳ.

ಉಗಮ: ಉಪಲಬ್ಧ ಕೃತಿಗಳಲ್ಲಿ ಮೊದಲನೆಯದು ಮೌಲಾನಾ ದಾವೂದನ ‘ಚಂದಾಯನ’ (1379). ದನಗಾಹಿ ಅಹೀರರು ಹಾಡಿಕೊಂಡು ಬಂದ ಲೋರಿಕ–ಚಂದಾ ಕಥೆಯೇ ಇದರ ವಸ್ತು. ದಿಲ್ಲಿಯ ಧರ್ಮೋಪದೇಶಕರೊಬ್ಬರು ಮಸೀದಿಯ ಪ್ರವಚನಪೀಠದಿಂದಲೇ ಇದರ ಪದ್ಯಗಳನ್ನು ಓದುತ್ತಿದ್ದರೆಂದು ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿ ದಾಖಲಿಸಿದ್ದಾನೆ.

ಬೆಳವಣಿಗೆ: ಕುತುಬನನ ‘ಮೃಗಾವತಿ’ (1503), ಮಲಿಕ್ ಮುಹಮ್ಮದ್ ಜಾಯಸಿಯ ‘ಪದ್ಮಾವತ್’ (1540), ಮಂಝನನ ‘ಮಧುಮಾಲತಿ’ (1545) ಮುಂದಿನ ಪ್ರಮುಖ ಕೃತಿಗಳು. ಫಾರಸಿ ಮಸ್ನವಿಯ ಪದ್ಧತಿಯಂತೆ ದೇವರು, ಪ್ರವಾದಿ, ಗುರು ಮತ್ತು ಅರಸನ ಸ್ತುತಿಯಿಂದ ಕಾವ್ಯ ತೊಡಗುತ್ತದೆ. ಕಥೆ ಸಾಗುವುದು ಮಾತ್ರ ದೇಶೀಯವಾದ ಚೌಪಾಯಿ–ದೋಹಾಗಳಲ್ಲಿ. ನಾಯಕಿಯ ನಖಶಿಖ ವರ್ಣನೆ, ಹನ್ನೆರಡು ತಿಂಗಳ ವಿರಹವನ್ನು ಹಾಡುವ ಬಾರಾಮಾಸಾ ಇವುಗಳ ಸಾಮಾನ್ಯ ಅಂಗಗಳು.

‘ಪದ್ಮಾವತ್’ನಲ್ಲಿ ಹೀರಾಮನ್ ಎಂಬ ಗಿಳಿ ಸಿಂಹಳದ ರಾಜಕುಮಾರಿಯ ರೂಪವನ್ನು ಬಣ್ಣಿಸುತ್ತದೆ. ಅದನ್ನು ಕೇಳಿಯೇ ಮೂರ್ಛೆ ಹೋದ ಚಿತ್ತೋಡದ ರತನ್‌ಸೇನ, ಎಚ್ಚೆತ್ತ ಮೇಲೆ ರಾಜ್ಯ ತೊರೆದು, ಮೈಗೆ ಬೂದಿ ಬಳಿದು, ಕಿನ್ನರಿ ಹಿಡಿದು ನಾಥಪಂಥದ ಜೋಗಿಯಾಗಿ ಕಡಲು ದಾಟುತ್ತಾನೆ. ಪ್ರೇಮಿಯ ಈ ಪಯಣವೇ ಸಾಧಕನ ಪಯಣ, ಗಿಳಿಯೇ ಗುರು. ಇತ್ತ ಮನೆಯಲ್ಲಿ ಉಳಿದ ಹಿರಿಯ ರಾಣಿ ನಾಗಮತಿಯ ಅಳಲಿಗೂ ಜಾಯಸಿ ಅಷ್ಟೇ ಮನಮಿಡಿದು ದನಿ ಕೊಟ್ಟಿದ್ದಾನೆ.

ವ್ಯಾಖ್ಯಾನ: ಚಿತ್ತೋಡವೆಂದರೆ ದೇಹ, ಅರಸನೆಂದರೆ ಮನಸ್ಸು ಎಂದು ಸಂಕೇತಗಳನ್ನು ಬಿಡಿಸಿ ಹೇಳುವ ಪದ್ಯವೊಂದು ‘ಪದ್ಮಾವತ್’ನ ಕೆಲವು ಪ್ರತಿಗಳ ಕೊನೆಯಲ್ಲಿದೆ. ಅದನ್ನು ಪ್ರಕ್ಷಿಪ್ತವೆಂದು ಪರಿಗಣಿಸಿದ ಮಾತಾಪ್ರಸಾದ್ ಗುಪ್ತ ತಮ್ಮ ಪರಿಷ್ಕರಣದಿಂದ ಕೈಬಿಟ್ಟರು. ಅದಿಲ್ಲದೆಯೂ ಕಾವ್ಯದ ಆಧ್ಯಾತ್ಮಿಕ ಅರ್ಥಕ್ಕೆ ಊನವಿಲ್ಲ. ಇಲ್ಲಿನ ನಂಬಿಕೆ ವಿರಹ, ಹುಡುಕಾಟ, ಮಿಲನಗಳಲ್ಲೇ ಹಾಸುಹೊಕ್ಕಾಗಿದೆ. ಅದಕ್ಕೆ ಬೇರೆ ಉಪದೇಶ ಬೇಕಿಲ್ಲ.

ಪ್ರಸಾರ: 17ನೆಯ ಶತಮಾನದಲ್ಲಿ ಅರಾಕಾನಿನ ಆಸ್ಥಾನದಲ್ಲಿದ್ದ ಆಲಾವೋಲ್ ‘ಪದ್ಮಾವತ್’ ಕಥೆಯನ್ನು ಬಂಗಾಳಿಗೆ ತಂದ. ಬಿಜಾಪುರದ ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ ನುಸ್ರತಿ, ಮನೋಹರ–ಮಧುಮಾಲತಿಯರ ಕಥೆಯನ್ನು ದಖನಿಯಲ್ಲಿ ‘ಗುಲ್ಶನ್-ಎ-ಇಶ್ಕ್’ (1657) ಎಂಬ ಮಸ್ನವಿಯಾಗಿ ಬರೆದ. ಅವಧಿಯ ಪ್ರೇಮಾಖ್ಯಾನ ಹೀಗೆ ಕರ್ನಾಟಕದ ನೆಲದಲ್ಲೂ ಬೇರೂರಿ, ದಖನಿ ಸಾಹಿತ್ಯಕ್ಕೆ ಅದರ ಶ್ರೇಷ್ಠ ಕಾವ್ಯಗಳಲ್ಲೊಂದನ್ನು ಕೊಟ್ಟಿತು.